ಕೆಂಪು ಕಣದ ಪೊರೆಯ ಮೇಲೊಂದು ಅಕ್ಷರ

(ಪೋರೂರಿನ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ಹೋದ ವಾರ ನನ್ನನ್ನು ಕರೆದು, "ರಕ್ತದ ವಿಷಯವಾಗಿ ಏನಾದರೂ ಮಾತನಾಡಿ, ಆದರೆ ಯಾರೂ ನಡುವೆ ಎದ್ದು ಹೋಗದ ಹಾಗೆ ಮಾತನಾಡಿ" ಎಂದು ಅಪ್ಪಣೆ ಮಾಡಿದರು. ಮೊದಲನೆಯದು ನನಗೆ ಕಷ್ಟವಲ್ಲ. ಮೂವತ್ತು ವರ್ಷ ಕಾಲ ರಕ್ತನಿಧಿಯ ಪ್ರಯೋಗಶಾಲೆಯಲ್ಲಿ ಕುಳಿತು ಒಬ್ಬರ ನೆತ್ತರಿಗೆ ಇನ್ನೊಬ್ಬರದನ್ನು ಹೊಂದಿಸಿ ನೋಡುವುದೇ ನನ್ನ ಕಸುಬಾಗಿತ್ತು. ಎರಡನೆಯದು ನಿಮ್ಮ ದಯೆ. ನಾನು ವೈದ್ಯನಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಭಾಷಣ ಮುಗಿದಮೇಲೆ ದಯವಿಟ್ಟು ಯಾರೂ ನನ್ನ ಮುಂದೆ ನಾಲಗೆ ಚಾಚಬೇಡಿರಿ.

ಈ ಪೋರೂರಿನಿಂದ ಪೂನಮಲ್ಲಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಬೆಂಗಳೂರಿನ ಹೆದ್ದಾರಿ ಸಿಕ್ಕುತ್ತದೆ. ಹಳೆಯ ಹಾದಿಯಲ್ಲಿ ಚಿತ್ತೂರು, ಪಲಮನೇರು, ಮುಳಬಾಗಿಲು ದಾಟಿದರೆ ಕೋಲಾರ. ಹಬ್ಬಕ್ಕೆ ಊರಿಗೆ ಹೋಗುವಾಗ ನಿಮ್ಮಲ್ಲಿ ಎಷ್ಟೋ ಮಂದಿ ಅದನ್ನು ನಿದ್ದೆಗಣ್ಣಿನಲ್ಲಿ ದಾಟಿದ್ದೀರಿ. ಆ ಕೋಲಾರದ ಕಡೆಯ ಒಬ್ಬ ಹೆಣ್ಣುಮಗಳಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. ಆಕೆಯ ರಕ್ತ 'ಓ ಪಾಸಿಟಿವ್' ಗುಂಪಿನದು. ನಮ್ಮಲ್ಲಿ ಇದಕ್ಕಿಂತ ಸುಲಭವಾಗಿ ಸಿಕ್ಕುವ ಗುಂಪು ಇನ್ನಾವುದಿದೆ? ಎರಡು ಬಾಟಲಿ ತೆಗೆದಿಟ್ಟರೆ ಮುಗಿಯಿತೆಂದು ಯಾರಾದರೂ ತಿಳಿಯುವ ಸಂಗತಿ. ಆದರೆ ತಂದ ಬಾಟಲಿಗಳಲ್ಲಿ ಒಂದೂ ಹೊಂದಲಿಲ್ಲ. ಮಾದರಿಯನ್ನು ಬೆಂಗಳೂರಿನ ರೋಟರಿ-ಟಿಟಿಕೆ ರಕ್ತಕೇಂದ್ರಕ್ಕೆ ಕಳುಹಿಸಿದರು. ಅಲ್ಲಿ ಯಾರ ಕಣಗಳೊಡನೆ ಬೆರೆಸಿ ನೋಡಿದರೂ ಆಕೆಯ ರಕ್ತದ ದ್ರವ ವಿರೋಧ ತೋರಿಸಿತು. ಮನೆಯವರು ಬಂಧುಗಳು ಸೇರಿ 20 ಮಂದಿಯ ರಕ್ತ ತೆಗೆದು ನೋಡಿದರು. ಅದರಲ್ಲೂ ಒಂದೂ ಒಪ್ಪಲಿಲ್ಲ.

ಈ ಸ್ಥಿತಿಯಲ್ಲಿ ವೈದ್ಯರು ಬಹಳ ಎಚ್ಚರಿಕೆಯಿಂದ, ಹೊರಗಿನ ಒಂದು ಹನಿ ನೆತ್ತರನ್ನೂ ಕೊಡದೆ ಶಸ್ತ್ರಚಿಕಿತ್ಸೆಯನ್ನು ಮುಗಿಸಿದರು. ಆಕೆ ಬದುಕಿದಳು. ಮಾದರಿ ಮಾತ್ರ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿರುವ ಅಂತರರಾಷ್ಟ್ರೀಯ ರಕ್ತಗುಂಪು ಪ್ರಯೋಗಶಾಲೆಗೆ ಹೋಯಿತು. ಸುಮಾರು ಹತ್ತು ತಿಂಗಳ ಶೋಧನೆಯಾದಮೇಲೆ ಅವರು ಹೇಳಿದ್ದೇನೆಂದರೆ, ಮನುಷ್ಯರ ಕೆಂಪು ಕಣಗಳ ಮೇಲೆ ಸಾಮಾನ್ಯವಾಗಿ ಇರತಕ್ಕ ಒಂದು ಗುರುತು ಈಕೆಯ ಕಣಗಳ ಮೇಲಿಲ್ಲ, ಆ ಗುರುತಿಗೆ ಇದುವರೆಗೆ ಹೆಸರೂ ಇರಲಿಲ್ಲ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಮಹಾಸಭೆಯಲ್ಲಿ ಅದಕ್ಕೆ 'ಕ್ರಿಬ್' ಎಂಬ ಹೆಸರು ಪ್ರಕಟವಾಯಿತು. 'ಕ್ರ' ಎಂದರೆ ಕ್ರೋಮರ್ ಎಂಬ ರಕ್ತಗುಂಪಿನ ಕುಲ. ಉಳಿದದ್ದರಲ್ಲಿ ಒಂದಕ್ಷರ ಇಂಡಿಯಾ, ಇನ್ನೊಂದಕ್ಷರ ಬೆಂಗಳೂರು. ಕೋಲಾರಕ್ಕೆ ಹೆಸರಿನಲ್ಲಿ ಪಾಲು ಸಿಕ್ಕಲಿಲ್ಲ. ಅದು ನನಗೆ ಸ್ವಲ್ಪ ಬೇಸರದ ಮಾತೇ, ಇರಲಿ.

ಆರೋಗ್ಯವಂತರ ರಕ್ತ ಆಕೆಗೆ ಏಕೆ ಒಗ್ಗದು? ಆಕೆಯ ರಕ್ತದಲ್ಲಿ ರೋಗವೇನಾದರೂ ಇದೆಯೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದರೆ ಕೆಂಪು ಕಣದ ಹೊರ ಹೊದಿಕೆಯನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಸೂಜಿಯ ಮೊನೆಯಷ್ಟು ನೆತ್ತರಿನಲ್ಲಿ, ಅಂದರೆ ಒಂದು ಘನ ಮಿಲಿಮೀಟರಿನಲ್ಲಿ, ಸುಮಾರು 50 ಲಕ್ಷ ಕೆಂಪು ಕಣಗಳಿವೆ. ಎಣ್ಣೆಗೆ ಬಿಡುವ ಮುಂಚೆ ನಿಪ್ಪಟ್ಟಿನ ನಡುವೆ ಹೆಬ್ಬೆರಳು ಒತ್ತಿದರೆ ಹೇಗೋ ಹಾಗೆ ಅದರ ಆಕಾರ. ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಆಯುಸ್ಸು ಸುಮಾರು 120 ದಿನ. ಈ ನಾಲ್ಕು ತಿಂಗಳಲ್ಲಿ ತನ್ನ ಮೈಗಿಂತ ಇಕ್ಕಟ್ಟಾದ ಸಂದುಗಳಲ್ಲಿ ಅದು ಲಕ್ಷಾಂತರ ಸಲ ನುಸುಳಬೇಕು. ಬೆಳಿಗ್ಗೆ ಎಂಟೂವರೆಗೆ ಇಲ್ಲಿಂದ ಬಸ್ಸು ಹತ್ತುವವರಿಗೆ ಈ ಕಣದ ಪಾಡು ವಿವರಿಸಬೇಕಾಗಿಲ್ಲ. ಅದಕ್ಕೆ ಬೇಕಾದ ಬಾಗುವ ಗುಣವನ್ನು ಕೊಡುವುದು ಅದರ ಪೊರೆ. ಕೊಬ್ಬಿನ ತೆಳು ಪದರ. ಅದರೊಳಗೆ ನೆಟ್ಟು ನಿಂತ ನಾನಾ ಪ್ರೋಟೀನುಗಳು. ಪದರದ ಒಳಮೈಗೆ, ಬೆಣ್ಣೆಯ ಗಡಿಗೆಯನ್ನು ಹೊತ್ತ ನೆಲುವಿನ ಹಾಗೆ, ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನಿಂದ ಹೆಣೆದ ಬಲೆ.

ಪೊರೆಯ ಪ್ರೋಟೀನುಗಳಿಗೆ ಒಂದೊಂದಕ್ಕೆ ಒಂದೊಂದು ಉದ್ಯೋಗವುಂಟು. 'ಮೂರನೆಯ ಪಟ್ಟಿ' ಎಂದು ಕರೆಯುವ ಪ್ರೋಟೀನು ಪ್ರತಿ ಕಣದಲ್ಲಿ ಸುಮಾರು ಹತ್ತು ಲಕ್ಷ ಪ್ರತಿಗಳಿರುತ್ತದೆ. ನಾವು ಉಸಿರಿನಲ್ಲಿ ಹೊರಗೆ ಬಿಡುವ ಇಂಗಾಲದ ವಾಯು ಕಣದಲ್ಲಿ ಬೈಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಅದನ್ನು ಹೊರಗೆ ಕೊಟ್ಟು ಕ್ಲೋರೈಡನ್ನು ಒಳಗೆ ತೆಗೆದುಕೊಳ್ಳುವ ವಿನಿಮಯ ಇದರ ಕೆಲಸ. ಅದರ ಜೊತೆಗೆ ಕೆಳಗಿನ ನೆಲುವನ್ನು ಪೊರೆಗೆ ಬಿಗಿಯುವ ಗೂಟವೂ ಇದೇ. ಕಿಡ್ ಎಂಬ ಗುಂಪಿನ ಪ್ರೋಟೀನು ಯೂರಿಯಾವನ್ನು ದಾಟಿಸುವ ದೋಣಿ. (ಗೊಬ್ಬರದ ಯೂರಿಯಾವೇ, ಮೈಯಲ್ಲಿಯೂ ಹುಟ್ಟುತ್ತದೆ.) ಇನ್ನು ಕೋಲಾರದ ಕಥೆಯ ನಾಯಕ, ಡಿ.ಎ.ಎಫ್. ಅಥವಾ ಸಿ.ಡಿ. 55 ಎಂಬ ಪ್ರೋಟೀನು. ಅದು ಕಾವಲುಗಾರ. ಅದರ ಮಾತನ್ನು ಆಮೇಲೆ ಹೇಳುತ್ತೇನೆ.

ಈ ಪ್ರೋಟೀನುಗಳೆಲ್ಲ ಅಮೈನೋ ಆಮ್ಲಗಳೆಂಬ 20 ಅಕ್ಷರಗಳಲ್ಲಿ ಬರೆದ ಉದ್ದುದ್ದ ಪದಗಳು. ಮೂಲಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರುತ್ತದೆ. ಅದನ್ನೇ ಜೀನು ಎನ್ನುತ್ತಾರೆ. ತಲೆಮಾರುಗಳಿಂದ ನಕಲು ಮಾಡುತ್ತ ಬಂದ ಪ್ರತಿಯಲ್ಲಿ ಒಂದೊಂದು ಅಕ್ಷರ ಬದಲಾಗುವುದು ಸಹಜ. ಬದಲಾದರೆ ಏನಾಗುತ್ತದೆ? ಅದಕ್ಕೆ ನಮ್ಮ ಮಾತಿನಲ್ಲೇ ಒಂದು ಉದಾಹರಣೆಯಿದೆ. ನಮ್ಮ ಕಡೆ ಎಷ್ಟೋ ಮಂದಿ 'ಹಾಲು' ಎನ್ನುವುದಕ್ಕೆ 'ಆಲು' ಎನ್ನುತ್ತಾರೆ. ಕಾಫಿಗೆ ಹಾಲು ಬೀಳುವುದೇನೂ ನಿಲ್ಲುವುದಿಲ್ಲ. ಕೆಲಸ ಸರಿಯಾಗಿಯೇ ನಡೆಯುತ್ತದೆ. ಆದರೆ ಪರವೂರಿನವನು ಕೇಳಿದ ಕೂಡಲೆ, "ಓಹೋ, ಇವರು ಆ ಕಡೆಯವರು" ಎಂದು ಗುರುತು ಹಿಡಿಯುತ್ತಾನೆ. ಅದೇ 'ಹಾಲು' ಎಂಬಲ್ಲಿ ಕೊನೆಯ ಅಕ್ಷರ ಬದಲಾಗಿ 'ಹಾಳು' ಆದರೋ? ಅರ್ಥವೇ ಕೆಟ್ಟಿತು.

ಕೆಂಪು ಕಣದ ಪ್ರೋಟೀನುಗಳಲ್ಲಿಯೂ ಹೀಗೆಯೇ 'ಆಲು' ಜಾತಿಯ ಬದಲಾವಣೆಗಳಿವೆ, 'ಹಾಳು' ಜಾತಿಯವೂ ಇವೆ.

ಹಾಳು ಜಾತಿಯದನ್ನು ಮೊದಲು ಹೇಳಿಬಿಡುತ್ತೇನೆ. ನೆಲುವಿನ ಹುರಿಯಲ್ಲೋ ಅದನ್ನು ಕಟ್ಟುವ ಗೂಟದಲ್ಲೋ ದೋಷ ಬಂದರೆ ಪೊರೆ ಚೂರುಚೂರಾಗಿ ಉದುರುತ್ತದೆ, ಕಣ ನಿಪ್ಪಟ್ಟಿನ ಆಕಾರ ಬಿಟ್ಟು ಗೋಲಿಯಾಗುತ್ತದೆ. ಗೋಲಿ ಬಾಗುವುದಿಲ್ಲ. ಗುಲ್ಮದ ಇಕ್ಕಟ್ಟಿನಲ್ಲಿ ಸಿಕ್ಕಿ ನಾಶವಾಗುತ್ತದೆ. ಆನುವಂಶಿಕ ಗೋಲಕಣ ರೋಗವೆಂಬುದು ಇದೇ. ರಕ್ತ ಸಾಲದು, ಕಣ್ಣು ಹಳದಿ, ಚಿಕ್ಕ ವಯಸ್ಸಿನಲ್ಲೇ ಪಿತ್ತಕೋಶದಲ್ಲಿ ಕಲ್ಲು. ಮನೆಯಲ್ಲಿ ತಂದೆಗೋ ಅತ್ತೆಗೋ ಇದ್ದು ಮಗುವಿಗೂ ಬಂದರೆ, "ನಮ್ಮ ವಂಶಕ್ಕೇ ಕಾಮಾಲೆ" ಎಂದು ಸೊಪ್ಪಿನ ಔಷಧ ಕುಡಿಸುತ್ತ ವರ್ಷಗಳನ್ನು ಕಳೆಯುವವರನ್ನು ನಾನು ನೋಡಿದ್ದೇನೆ. ಯಕೃತ್ತಿನ ಕಾಮಾಲೆಯೇ ಬೇರೆ, ಇದೇ ಬೇರೆ. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದರೆ ಗೋಲಿಗಳು ಕಾಣುತ್ತವೆ. ತೀವ್ರವಾಗಿದ್ದರೆ ಗುಲ್ಮವನ್ನು ತೆಗೆದುಹಾಕುವುದರಿಂದ ಬಹಳ ಗುಣ ಕಾಣುತ್ತದೆ. ಅದನ್ನೂ ಮಗುವಿಗೆ ಆರು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಮಾಡುವುದಿಲ್ಲ, ಮುಂಚಿತವಾಗಿ ಕೆಲವು ಲಸಿಕೆಗಳನ್ನು ಹಾಕಿಸಬೇಕು.

ಹಾಳಾದದ್ದರಲ್ಲೂ ಒಂದು ಲಾಭ ಅಡಗಿರುವ ವಿಚಿತ್ರವುಂಟು. ಮಲೇಷ್ಯ, ಫಿಲಿಪೀನ್ಸ್, ಪಾಪುವಾ ನ್ಯೂಗಿನಿಗಳಲ್ಲಿ ಕೆಲವರಿಗೆ ಮೂರನೆಯ ಪಟ್ಟಿಯ 911 ಅಕ್ಷರಗಳಲ್ಲಿ ಒಂಬತ್ತು ಬಿಟ್ಟುಹೋಗಿರುತ್ತವೆ. ಕಣ ಮೊಟ್ಟೆಯಾಕಾರವಾಗಿ ಬಿಗಿಯಾಗುತ್ತದೆ. ತಂದೆತಾಯಿ ಇಬ್ಬರಿಂದಲೂ ಈ ಪ್ರತಿ ಬಂದರೆ ಶಿಶು ಉಳಿಯುವುದೇ ದುರ್ಲಭ. ಒಬ್ಬರಿಂದ ಮಾತ್ರ ಬಂದರೆ ಮೆದುಳಿಗೇರುವ ಮಲೇರಿಯದಿಂದ ರಕ್ಷಣೆ. ಮಲೇರಿಯದ ಕ್ರಿಮಿ ಈ ಪೊರೆಯ ಪ್ರೋಟೀನುಗಳನ್ನೇ ಬಾಗಿಲು ಮಾಡಿಕೊಂಡು ಒಳಗೆ ಹೊಗುತ್ತದೆ ಎಂಬುದು ನಮಗೂ ಸಂಬಂಧಪಟ್ಟ ಸಂಗತಿ. ಚೆನ್ನೈ ನಗರದ ಬಾವಿಗಳಲ್ಲಿ, ಮಾಳಿಗೆಯ ಮೇಲಿನ ತೊಟ್ಟಿಗಳಲ್ಲಿ ಹುಟ್ಟುವ ಸೊಳ್ಳೆ ಹರಡುವ ವೈವಾಕ್ಸ್ ಮಲೇರಿಯಕ್ಕೆ ಡಫಿ ಎಂಬ ಪ್ರೋಟೀನು ಬಾಗಿಲು. ಪಶ್ಚಿಮ ಆಫ್ರಿಕದಲ್ಲಿ ಬಹುತೇಕ ಜನರ ಕೆಂಪು ಕಣಗಳ ಮೇಲೆ ಡಫಿಯೇ ಇಲ್ಲ. ಅವರಲ್ಲಿ ಆ ಕ್ರಿಮಿ ಸುಲಭವಾಗಿ ನೆಲೆಸಲಾರದು. ನಮ್ಮ ಜನರಿಗೆ ಈ ಬಾಗಿಲು ತೆರೆದೇ ಇದೆ. ಆದಕಾರಣ ಕಟ್ಟಡದ ಕೆಲಸಕ್ಕೆ ಹೋಗುವ ಅಣ್ಣಂದಿರು ಅಲ್ಲಿಯ ನೀರಿನ ತೊಟ್ಟಿಗೆ ಮುಚ್ಚಳ ಕೇಳಿ ಹಾಕಿಸಿಕೊಳ್ಳತಕ್ಕದ್ದು.

ಈಗ ಕಾವಲುಗಾರನ ಬಳಿಗೆ ಬರೋಣ. ನಮ್ಮ ರಕ್ತದ ದ್ರವದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಒಂದು ದಂಡಿದೆ. ರೋಗಾಣುವಿನ ಮೈಗೆ ಅಂಟಿ, ತೂತು ಕೊರೆದು ಕೊಲ್ಲುವುದು ಅದರ ಉದ್ಯೋಗ. ಈ ದಂಡು ಸದಾ ಗಸ್ತು ತಿರುಗುತ್ತಿರುತ್ತದೆ, ಕೆಲವು ವೇಳೆ ನಮ್ಮ ಸ್ವಂತ ಕಣಗಳ ಮೇಲೂ ಬಂದು ಕೂರುತ್ತದೆ. ಕೂತ ತುಂಡುಗಳು ಎರಡೆರಡು ಜೊತೆಗೂಡಿದರೆ ಕತ್ತರಿಯಂತಾಗಿ ಮುಂದಿನ ನಾಶವನ್ನು ಆರಂಭಿಸುತ್ತವೆ. ಸಿ.ಡಿ. 55 ಎಂಬ ನಮ್ಮ ಕಾವಲುಗಾರ ಆ ಜೊತೆಯನ್ನು ಹಿಡಿದು ಬೇರೆಬೇರೆ ಮಾಡುತ್ತಾನೆ, ಕತ್ತರಿ ಕೆಲಸಕ್ಕೆ ಬಾರದಂತೆ ಮಾಡುತ್ತಾನೆ. ಅವನ ಬೆನ್ನಿಗೆ ಸಿ.ಡಿ. 59 ಎಂಬ ಇನ್ನೊಬ್ಬನಿದ್ದಾನೆ. ಅವನು ಕೊನೆಯ ಘಟ್ಟದಲ್ಲಿ ತೂತು ಬೀಳದಂತೆ ತಡೆಯುವವನು. ಇಬ್ಬರೂ ಪೊರೆಯಲ್ಲಿ ಆಳವಾಗಿ ನೆಟ್ಟವರಲ್ಲ, ಕೊಬ್ಬಿನ ಒಂದು ಕೊಕ್ಕೆಯಿಂದ ಪೊರೆಗೆ ತಗಲಿಕೊಂಡು ನಿಂತವರು.

ಕಾವಲುಗಾರನೇ ಇಲ್ಲದವರು ಉಂಟೆ? ಉಂಟು. 1982ರಲ್ಲಿ ಜಪಾನಿನ ಒಬ್ಬನ ಕಣಗಳ ಮೇಲೆ ಕ್ರೋಮರ್ ಕುಲದ ಗುರುತುಗಳು ಒಂದೂ ಇಲ್ಲವೆಂದು ವರದಿಯಾಯಿತು. ಅಂದರೆ ಸಿ.ಡಿ. 55 ಪೂರ್ತಿಯಾಗಿ ಇಲ್ಲ. ಆಶ್ಚರ್ಯವೆಂದರೆ ಅಂಥವರ ಕೆಂಪು ಕಣಗಳು ಒಡೆಯುವುದಿಲ್ಲ. ಎರಡನೆಯ ಕಾವಲುಗಾರ ಸಾಕಾಗುತ್ತಾನೆ. ಆದರೆ ಕರುಳಿನಲ್ಲಿ ಹಾಗಲ್ಲ. ಈ ಜೀನು ಎರಡೂ ಪ್ರತಿಯಲ್ಲಿ ಕೆಟ್ಟ ಮಕ್ಕಳಲ್ಲಿ ಕಾಂಪ್ಲಿಮೆಂಟಿನ ದಂಡು ಕರುಳಿನ ಮೇಲೆ ಹುಚ್ಚೆದ್ದು ಹೋಗಿ, ಉಂಡ ಅನ್ನದ ಸಾರವಿರಲಿ ಮೈಯೊಳಗಿನ ಪ್ರೋಟೀನೂ ಸೋರಿಹೋಗುತ್ತದೆ, ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಇನ್ನು ಆ ಕೊಕ್ಕೆಯೇ ಕೆಟ್ಟು ಇಬ್ಬರು ಕಾವಲುಗಾರರೂ ಒಟ್ಟಿಗೆ ಕಳೆದುಹೋದರೆ ಕಣಗಳು ರಕ್ತನಾಳದಲ್ಲೇ ಒಡೆದು, ಬೆಳಗಿನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವ ರೋಗ ಬರುತ್ತದೆ. ಇದು ಹುಟ್ಟಿನಿಂದ ಬಂದದ್ದಲ್ಲ, ನಡುವಯಸ್ಸಿನಲ್ಲಿ ಮೂಳೆಯ ಮಜ್ಜೆಯಲ್ಲಿ ಒಂದು ಕಣಕ್ಕೆ ಆದ ತಪ್ಪು ಅದರ ಸಂತತಿಗೆಲ್ಲ ಹಬ್ಬುವುದು.

ಕೋಲಾರದ ಹೆಣ್ಣುಮಗಳದು ಇದಾವುದೂ ಅಲ್ಲ. ಆಕೆಯದು ಕ್ರೋಮರ್ ಕುಲದ ಒಂದು ಗುರುತಿನ ಮಾತು. ಸಿ.ಡಿ. 55ರಲ್ಲಿ ಮುನ್ನೂರಕ್ಕೂ ಹೆಚ್ಚು ಅಕ್ಷರಗಳಿವೆ. ಈ ಕುಲದ ಹೆಚ್ಚಿನ ಗುರುತುಗಳು ಅವುಗಳಲ್ಲಿ ಒಂದೇ ಒಂದರ ಬದಲಾವಣೆಯಿಂದ ಆದವು, ಸಾಮಾನ್ಯವಾಗಿ ಕಾವಲಿನ ಕೆಲಸಕ್ಕೆ ಭಂಗ ತರುವುದಿಲ್ಲ. 'ಆಲು' ಎಂದ ಮಾತ್ರಕ್ಕೆ ಕಾಫಿ ಕೆಡಲಿಲ್ಲ ಎಂದೆನಲ್ಲ, ಹಾಗೆ. ನೆತ್ತರಿಗೆ ನೆತ್ತರು ಎದುರಾಗುವ ದಿನದವರೆಗೆ ಅಂಥ ಮನುಷ್ಯನಿಗೆ ತನ್ನಲ್ಲಿ ವಿಶೇಷವಿದೆಯೆಂದೇ ತಿಳಿಯುವುದಿಲ್ಲ. ಆದರೆ ಮೈಗೆ ತನ್ನ ಉಚ್ಚಾರಣೆಯೇ ಶುದ್ಧ, ಪರರದು ಪರಭಾಷೆ. ಗರ್ಭದಲ್ಲಿದ್ದ ಮಗುವಿನ ರಕ್ತದ ಮೂಲಕವೋ ಹಿಂದೆ ಕೊಟ್ಟ ರಕ್ತದ ಮೂಲಕವೋ ಅನ್ಯ ಗುರುತನ್ನು ಒಮ್ಮೆ ಕಂಡರೆ ಅದರ ಮೇಲೆ ಪ್ರತಿಕಾಯಗಳನ್ನು ಸಿದ್ಧಮಾಡಿಕೊಳ್ಳಬಹುದು. ಆಮೇಲೆ ಜಗತ್ತಿನ ಉಳಿದವರೆಲ್ಲರ ರಕ್ತವೂ ಹೊರಗಿನದೇ.

ಬಸುರಿ ಬಾಣಂತಿಯರಿರುವ ಮನೆಯವರು ಹೆದರಬಾರದೆಂದು ಒಂದು ಮಾತು. ಸಿ.ಡಿ. 55 ಮಾಸಿನಲ್ಲಿಯೂ, ಎಂದರೆ ಗರ್ಭಕ್ಕೆ ಅಂಟಿಕೊಂಡಿರುವ ಕಸದಲ್ಲಿಯೂ, ಧಾರಾಳವಾಗಿದೆ. ತಾಯಿಯ ಕ್ರೋಮರ್ ಪ್ರತಿಕಾಯಗಳು ಅಲ್ಲಿಯೇ ಹೀರಿಹೋಗಿ ಮಗುವಿಗೆ ಸಾಮಾನ್ಯವಾಗಿ ತಟ್ಟುವುದಿಲ್ಲ. ಆರ್‌ಎಚ್ ಗುಂಪಿನ ವಿಷಯ ಹಾಗಲ್ಲ. ಆರ್‌ಎಚ್ ನೆಗೆಟಿವ್ ತಾಯಂದಿರು ವೈದ್ಯರು ಹೇಳಿದ ಚುಚ್ಚುಮದ್ದನ್ನು ತಪ್ಪಿಸಲೇಕೂಡದು.

ನಮ್ಮ ದೇಶದಲ್ಲಿ ಇಂಥ ಶೋಧನೆ ಹೊಸದೇನಲ್ಲ. 1952ರಲ್ಲಿ ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡದ್ದೇ ಇಂದು ಲೋಕವೆಲ್ಲ 'ಬಾಂಬೆ ಗುಂಪು' ಎನ್ನುವ ವಿರಳ ರಕ್ತ. ಅದು ಪ್ರೋಟೀನಿನ ವ್ಯತ್ಯಾಸವಲ್ಲ, ಪೊರೆಯ ಮೇಲಿನ ಒಂದು ಸಕ್ಕರೆಯ ಅಭಾವ. ಅವರಿಗೆ ಸಾಮಾನ್ಯ 'ಓ' ರಕ್ತವೂ ಆಗದು. 1973ರಲ್ಲಿ ಮುಂಬಯಿಯಲ್ಲೇ ಸಿ.ಡಿ. 44 ಎಂಬ ಪೊರೆಪ್ರೋಟೀನಿನ ಮೇಲಿನ ಗುರುತೊಂದು ಕಂಡುಬಂದು 'ಇಂಡಿಯನ್' ಎಂಬ ಗುಂಪಿಗೇ ಹೆಸರು ಕೊಟ್ಟಿತು. ಅಲ್ಲಿಯೂ ಬದಲಾದದ್ದು ಒಂದೇ ಅಕ್ಷರ.

ಈಗ ನನ್ನ ಪ್ರಯೋಗಶಾಲೆಯ ಒಂದು ಅನುಭವ. ಊರು, ಆಸ್ಪತ್ರೆಗಳ ಹೆಸರು ಬೇಡ. ಕಾರ್ಖಾನೆಯ ಕೆಲಸಗಾರನೊಬ್ಬ ಹೆಂಡತಿಯನ್ನು ಕರೆತಂದಿದ್ದ. ಗರ್ಭಕೋಶದ ಶಸ್ತ್ರಚಿಕಿತ್ಸೆ. ಕ್ರಮದಂತೆ ಪರೀಕ್ಷೆ ಮಾಡಿದೆವು. ಆಕೆಯ ರಕ್ತದಲ್ಲಿ ಯಾವ ಪ್ರತಿಕಾಯವೂ ಕಾಣಲಿಲ್ಲ. ಎರಡು ಬಾಟಲಿ ಕೊಟ್ಟರು. ಎಲ್ಲಾ ಸುಸೂತ್ರ. ಏಳನೆಯ ದಿನ ಆಕೆಯ ಕಣ್ಣು ಹಳದಿಯಾಯಿತು, ಜ್ವರ ಬಂತು, ಏರಿದ್ದ ರಕ್ತ ಇಳಿದುಹೋಯಿತು. ಮತ್ತೆ ಮಾದರಿ ತೆಗೆದು ನೋಡಿದರೆ ಕಿಡ್ ಪ್ರತಿಕಾಯ ಬಲವಾಗಿ ನಿಂತಿದೆ! ನಾನು ಹೇಳಿದ ಯೂರಿಯಾ ದೋಣಿಯ ಪ್ರೋಟೀನು ನೆನಪಿದೆಯಷ್ಟೆ? ಅದರಲ್ಲಿ ಎರಡು ಬಗೆ. ಅವುಗಳ ನಡುವಣ ವ್ಯತ್ಯಾಸ ಒಂದೇ ಅಕ್ಷರ. ಎರಡೂ ಯೂರಿಯಾವನ್ನು ಸರಿಯಾಗಿಯೇ ದಾಟಿಸುತ್ತವೆ. ಅಷ್ಟೇಕೆ, ಪಾಲಿನೇಷ್ಯದ ದ್ವೀಪಗಳಲ್ಲಿ ದೋಣಿಯೇ ಇಲ್ಲದ ಜನರಿದ್ದು ಸುಖವಾಗಿಯೇ ಬಾಳುತ್ತಿದ್ದಾರೆ. ಆದರೆ ಇದರ ಮೇಲಿನ ಪ್ರತಿಕಾಯಕ್ಕೆ ಒಂದು ಕೆಟ್ಟ ಚಾಳಿ: ಕೆಲವು ತಿಂಗಳು ವರ್ಷಗಳಲ್ಲಿ ಪರೀಕ್ಷೆಗೆ ಸಿಕ್ಕದಷ್ಟು ತೆಳುವಾಗಿಬಿಡುತ್ತದೆ, ಅದೇ ಗುರುತಿನ ರಕ್ತ ಮತ್ತೆ ಬಂದೊಡನೆ ನಾಲ್ಕಾರು ದಿನಗಳಲ್ಲಿ ಎದ್ದು ನಿಲ್ಲುತ್ತದೆ.

ಗಂಡನನ್ನು ಕೂರಿಸಿ ವಿಚಾರಿಸಿದೆ. ಎಂಟು ವರ್ಷದ ಹಿಂದೆ ಚೊಚ್ಚಲ ಹೆರಿಗೆಯಲ್ಲಿ ಊರಿನ ಕಡೆ ರಕ್ತ ಕೊಟ್ಟಿದ್ದರಂತೆ. ಆಮೇಲೆ "ಇದನ್ನು ಜೋಪಾನವಾಗಿ ಇಟ್ಟುಕೊಳ್ಳಿ" ಎಂದು ಒಂದು ಹಳದಿ ಚೀಟಿ ಕೊಟ್ಟಿದ್ದರಂತೆ. "ಏನೋ ಬರೆದಿತ್ತು ಸ್ವಾಮಿ, ಇಂಗ್ಲಿಷಿನಲ್ಲಿ. ಮನೆ ಬದಲಾಯಿಸುವಾಗ ಟ್ರಂಕಿನಲ್ಲೇ ಹಾಕಿದ್ದೆವು" ಎಂದ. ಬಾಡಿಗೆಮನೆಯಿಂದ ಬಾಡಿಗೆಮನೆಗೆ ನಾಲ್ಕು ಸಲ ಸಾಗಿದ ಟ್ರಂಕು. ಆಕೆ ಎರಡು ವಾರ ಒದ್ದಾಡಿ ಉಳಿದುಕೊಂಡಳು. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆ ಚೀಟಿಗಾಗಿ ತನ್ನನ್ನೇ ಬೈದುಕೊಳ್ಳುತ್ತಿದ್ದದ್ದು ಇನ್ನೂ ನನ್ನ ಕಣ್ಣ ಮುಂದಿದೆ. ನನಗೂ ನಾಚಿಕೆಯಾಗಿತ್ತು. "ಮೊದಲು ಎಲ್ಲಿಯಾದರೂ ರಕ್ತ ತೆಗೆದುಕೊಂಡಿದ್ದೀರಾ ತಾಯಿ?" ಎಂದು ನಾನು ನೇರವಾಗಿ ಆಕೆಯನ್ನೇ ಕೇಳಿರಲಿಲ್ಲ, ಅರ್ಜಿಯಲ್ಲಿ ಆ ಜಾಗ ಖಾಲಿ ಇದ್ದದ್ದನ್ನು ಇಲ್ಲವೆಂದೇ ಓದಿಕೊಂಡಿದ್ದೆ.

ಊರು ಬಿಟ್ಟು ಬಂದವರಿಗೆ ಇದರಲ್ಲಿ ಇನ್ನೊಂದು ತೊಡಕುಂಟು. ವಿರಳವಾದ ಗುರುತು ಎರಡೂ ಪ್ರತಿಯಲ್ಲಿ ಬಂದರೆ ಮಾತ್ರ ಇಂಥ ಕಷ್ಟ ಹುಟ್ಟುವುದರಿಂದ, ಹೊಂದುವ ರಕ್ತಕ್ಕೆ ಮೊದಲು ಒಡಹುಟ್ಟಿದವರನ್ನು ಹುಡುಕುತ್ತಾರೆ. ನಾಲ್ವರಲ್ಲಿ ಒಬ್ಬರಿಗೆ ಅದೇ ಜೋಡಿ ಬಂದಿರುವ ಸಂಭವವಿದೆ. ಸೋದರಮಾವನ ಮಗಳನ್ನು ತರುವ ನಮ್ಮ ಪದ್ಧತಿಯಲ್ಲಿ ವಿರಳ ಅಕ್ಷರಗಳು ಜೋಡಿಯಾಗುವುದು ಸ್ವಲ್ಪ ಹೆಚ್ಚೇ. ಆದರೆ ಅಣ್ಣ ಹಾಸನದಲ್ಲಿ, ತಂಗಿ ಸೊಲ್ಲಾಪುರದಲ್ಲಿ, ನಾವು ಪೋರೂರಿನಲ್ಲಿ! ಆಸ್ಪತ್ರೆಗೆ ಸೇರುವುದು ಮೊದಲೇ ನಿಶ್ಚಯವಾಗಿದ್ದರೆ ಊರಿನವರನ್ನು ಮೊದಲೇ ಕರೆಸಿಕೊಳ್ಳಬಹುದು, ಅಥವಾ ವೈದ್ಯರು ಒಪ್ಪಿದರೆ ನಮ್ಮ ರಕ್ತವನ್ನೇ ಮುಂಚಿತವಾಗಿ ತೆಗೆದಿರಿಸಬಹುದು. ಕೋಲಾರದ ಪ್ರಸಂಗದಲ್ಲಿ 20 ಮಂದಿ ಬಂದರೂ ಸಿಕ್ಕಲಿಲ್ಲವೆಂಬುದು ನಿಜ. ಅಂಥವರಿಗಾಗಿಯೇ ವಿರಳ ರಕ್ತದ ದಾನಿಗಳ ಪಟ್ಟಿ ಬೇಕಾಗುವುದು, ಪಟ್ಟಿಗೆ ಹೆಸರು ಸೇರಬೇಕಾದರೆ ನಿಯಮವಾಗಿ ರಕ್ತ ಕೊಡುವ ಸಾಮಾನ್ಯ ಜನರು ಬೇಕು. 18ರಿಂದ 65 ವರ್ಷದೊಳಗಿನ, 45 ಕಿಲೋ ತೂಕವಿರುವ ಆರೋಗ್ಯವಂತರು ಕೊಡಬಹುದು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಸಾಕು.

ಬಾಗಿಲ ಬಳಿಯ ಮೇಜಿನ ಮೇಲೆ ದಪ್ಪ ಕಾಗದದ ಚೀಟಿಗಳನ್ನು ಕತ್ತರಿಸಿ ಇಟ್ಟಿದ್ದೇನೆ. ಹೆಸರು, ರಕ್ತದ ಗುಂಪು, ಹಿಂದೆ ರಕ್ತ ತೆಗೆದುಕೊಂಡಿದ್ದರೆ ಯಾವ ವರ್ಷ, ಯಾವ ಊರು, 'ಪ್ರತಿಕಾಯ' ಎಂದು ಯಾರಾದರೂ ಹೇಳಿದ್ದರೆ ಅದರ ಹೆಸರು, ಇಷ್ಟನ್ನೇ ಬರೆದು ರೇಷನ್ ಕಾರ್ಡಿನ ಜೊತೆಯಲ್ಲಿಡಿ. ಹೆಂಗಸರ ಚೀಟಿಯಲ್ಲಿ ಹೆರಿಗೆಗಳ ಲೆಕ್ಕವೂ ಇರಲಿ. ಬರೆಯುವುದಕ್ಕೆ ಬಾರದವರಿಗೆ ನಾನು ಎಂಟು ಗಂಟೆಯವರೆಗೂ ಇಲ್ಲಿಯೇ ಕೂತಿದ್ದು ಬರೆದುಕೊಡುತ್ತೇನೆ. ಪೆನ್ಸಿಲು ಬೇಡ, ಅಳಿಸಿಹೋಗುತ್ತದೆ. ಮಸಿಯ ಪೆನ್ನು ತಂದಿದ್ದೇನೆ.